ಕೆಳಗಿಳಿದ ದಿನಾಂಕ

ಹಲಗೆಯ ಬಲ ಮೂಲೆಯಲ್ಲಿ, ಎಲ್ಲಕ್ಕಿಂತ ಮೇಲೆ,
ಇಪ್ಪತ್ತಾರು ವರ್ಷ ದಿನಾಂಕ ಬರೆದ ಕೈ ಇದು.
ಈ ಸಲ ದಸರಾ ರಜೆ ಮುಗಿಸಿ ಬಂದಾಗ
ದಿನಾಂಕ ಒಂದು ಗೇಣು ಕೆಳಗಿಳಿದಿತ್ತು.
ನಾನು ಗಮನಿಸಲಿಲ್ಲ.
ಗಮನಿಸಿದ್ದು ತಸ್ಮಿಯಾ,
ಐದನೇ ಕ್ಲಾಸಿನಲ್ಲೇ ಕುಳ್ಳಿ:
‘ಮಿಸ್, ಈಗ ಡೇಟು ನಂಗೂ ಸಿಗುತ್ತೆ’
ಎಂದು ಡಸ್ಟರ್ ಕಸಿದುಕೊಂಡು ಒರೆಸಿದಳು.

ಆಮೇಲೆ ಒಂದೊಂದೇ ಇಳಿದು ಬಂದವು:
ಅಟ್ಟದ ಡಬ್ಬಿಗಳು ಒಲೆಕಟ್ಟೆಗೆ,
ಬಟ್ಟೆ ಒಣಗುವ ತಂತಿ ಸೊಂಟದೆತ್ತರಕ್ಕೆ,
ಗೂಡಿನ ದೀಪ ನೆಲದ ಮಣೆಗೆ.
ಹೆರಳಿಗೆಂದು ಹಿಂದೆ ಹೋಗದ ಕೈಗೆ ಸೋತು
ಕೂದಲು ಕತ್ತರಿಸಿಕೊಂಡು ಬಂದೆ.
‘ಹೊಸ ಫ್ಯಾಷನ್ನಾ?’ ಎಂದರು ಸ್ಟಾಫ್ ರೂಮಿನಲ್ಲಿ.
ಹೌದೆಂದೆ.
ರಾತ್ರಿ ಎಡಕ್ಕೆ ಹೊರಳಿ, ಬಲಗೈಯನ್ನು
ಯಾರದೋ ಮಗುವಿನಂತೆ ದಿಂಬಿನ ಮೇಲೆ ಮಲಗಿಸಿ
ಇಟ್ಟಿಗೆಗೂಡಿನ ನಿದ್ದೆಗೆಟ್ಟ ಜಾವದಲ್ಲಿ
ಮೃಗಾಲಯದ ಸಿಂಹ ನರಳುವುದನ್ನು ಕೇಳುತ್ತಿದ್ದೆ.
ಅದಕ್ಕೂ ಎಲ್ಲೋ ಹಿಡಿದುಕೊಂಡಿರಬೇಕು.

ನೀಲಗಿರಿ ಎಣ್ಣೆ, ಬಿಸಿ ಉಪ್ಪಿನ ಗಂಟು,
ನಾದಿನಿ ತಂದ ಅಯಸ್ಕಾಂತದ ಬಳೆ.
ಕೊನೆಗೆ ಯಾರೋ ಅಂದರು, ಹಳ್ಳದಕೇರಿ ಗರಡಿಗೆ ಹೋಗು,
ಕೆಂಡಗಣ್ಣ ವಸ್ತಾದ್ ಒಂದೇ ಎಳೆತಕ್ಕೆ
ಲಟಕ್ಕಂತ ಕೂರಿಸುತ್ತಾನೆ.

ಹೆಂಗಸರು ಮಟ್ಟಿ ತುಳಿಯುವಂತಿಲ್ಲ.
ಹೊಸ್ತಿಲಾಚೆ ಜಗಲಿಯಲ್ಲಿ ಕೂತೆ.
ಒಳಗಿಂದ ಕೆಮ್ಮಣ್ಣು, ಕರ್ಪೂರ, ಎಳೆಬೆವರಿನ ವಾಸನೆ,
ಗದೆ ತಿರುಗಿಸುವ ಹುಡುಗನ ಉಸಿರಿನ ಲೆಕ್ಕ.
ಮುರುಟಿದ ಕಿವಿಯ ಮುದುಕ ಬಂದು
ಹೆಗಲ ಮೇಲೆ ಎರಡೇ ಬೆರಳಿಟ್ಟ.
ಕಣ್ಣುಮುಚ್ಚಿ, ಸೆರಗು ಕಚ್ಚಿ ಕಾದೆ.
ಲಟಕ್ ಬರಲಿಲ್ಲ.

‘ಜಾರಿದ ಮೂಳೆ ಅಲ್ಲ ಕಣವ್ವ ಇದು,
ಮುನಿಸ್ಕೊಂಡಿರೋ ಕೀಲು.
ಎಳೆದ್ರೆ ನಂಗೆ ದುಡ್ಡು, ನಿಂಗೆ ನೋವು.
ಮುನಿಸ್ಕೊಂಡೋರ್ನ ಜುಟ್ಟು ಹಿಡ್ದು ತರಕ್ಕಾಯ್ತದ?
ದಿನಾ ಹೋಗಿ ಕರೀಬೇಕು.
ಮೊದ್ಲು ದೊಡ್ಡಾಸ್ಪತ್ರೇಲಿ ಸಕ್ಕರೆ ನೋಡಿಸು.’

ಸಕ್ಕರೆಗೂ ಹೆಗಲಿಗೂ ಯಾವ ನೆಂಟಸ್ತನ?
ಇತ್ತು. ಸಕ್ಕರೆಯೂ ಇತ್ತು.
ಮಂಡ್ಯದ ಮಗಳು ನಾನು,
ಕಬ್ಬಿನ ಜಲ್ಲೆ ಕಚ್ಚಿಯೇ ಹಲ್ಲು ಬಂದವಳು.
ಚೀಟಿ ನೋಡಿ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವ ಹುಡುಗಿ,
ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು,
‘ಬೆರಳುಗಳನ್ನ ಗೋಡೆ ಮೇಲೆ ಜೇಡದ ಥರ ಹತ್ತಿಸಿ,
ನಿಂತಲ್ಲಿ ಗೆರೆ ಎಳೀರಿ’ ಎಂದಳು.
ಸೀಮೆಸುಣ್ಣಕ್ಕೆ ನನಗೇನು ಬರವೇ?
ಮೊದಲ ಗೆರೆ ಮಿಕ್ಸಿಯ ಪ್ಲಗ್ಗಿನ ಪಕ್ಕ.
ಹತ್ತನೇ ದಿನವೂ ಅಲ್ಲೇ.
ಇಪ್ಪತ್ತಕ್ಕೆ ಕಡಲೆಕಾಳಿನಷ್ಟು ಮೇಲೆ,
ಇಪ್ಪತ್ತೊಂದಕ್ಕೆ ಮತ್ತೆ ಪ್ಲಗ್ಗಿಗೆ.
ಬಾಗಿಲ ಮೇಲೆ ಹಗ್ಗ ಹಾಯಿಸಿ
ಎಡಗೈ ಎಳೆದರೆ ಬಲಗೈ ಏಳುತ್ತದೆ,
ಇಲ್ಲದ ಬಾವಿಯಿಂದ ನೀರು ಸೇದಿದ ಹಾಗೆ.
ಕೊಡ ಅರ್ಧಕ್ಕೆ ಬಂದು ನಿಂತುಬಿಡುತ್ತದೆ,
ಮೇಲೆ ಬರುವುದಿಲ್ಲ.
ಅಲ್ಲೇ ಹಿಡಿದು ಹತ್ತು ಎಣಿಸು. ಮಗ್ಗಿ ಹೇಳು.
ಹದಿನೇಳರ ಮಗ್ಗಿಯಲ್ಲಿ ನೋವು ಜಾಸ್ತಿ.

ಅನ್ನದ ದಿಬ್ಬ ಹೋಗಿ ಅಂಗೈಯಗಲ ಮುದ್ದೆ,
ಹುರುಳಿಕಟ್ಟಿನ ಸಾರು, ನುಗ್ಗೆಸೊಪ್ಪು,
ಅತ್ತೆಯ ಕಣ್ಣು ತಪ್ಪಿಸಿ ಒಂದು ಮೊಟ್ಟೆ.
ಬೆಳಗಿನ ಬಿಸಿಲಿಗೆ ಕಾರಂಜಿ ಕೆರೆಯ ಏರಿ.
ಅಲ್ಲಿ ಕೊಕ್ಕರೆಯೊಂದು ರೆಕ್ಕೆ ಎತ್ತಿದರೂ
ಹೊಟ್ಟೆಕಿಚ್ಚು.
ಸಕ್ಕರೆಯಿಲ್ಲದ ಮೊದಲ ಕಾಫಿ ಕುಡಿದು
ಅತ್ತೆ. ಹೆಗಲಿಗೆ ಅತ್ತಿರಲಿಲ್ಲ.

ಒಮ್ಮೆ ಗರಡಿಯ ಮುಂದೆ ಹಾದೆ. ವಸ್ತಾದ್
ತಾನೇ ಮಂಡಿ ಹಿಡಿದು ಜಗಲಿಯಲ್ಲಿ ಕೂತಿದ್ದ.
‘ಬತ್ತಾ ಅದ?’ ಎಂದ. ‘ಬಾಗಿಲವರೆಗೆ’ ಎಂದೆ.
‘ನಂದೂ ಅಷ್ಟೇಯ’ ಎಂದು ಮಂಡಿ ತೋರಿಸಿದ.

ಪರೀಕ್ಷೆಗೆ ವಾರ ಮುಂಚೆ. ಬಿಸಿಲು ಏರುತ್ತಿತ್ತು.
ಹಲಗೆಯ ಮೂಲೆಗೆ ಇನ್ನೂ ನಾಲ್ಕು ಬೆರಳು ಬಾಕಿ,
ಬಹುಶಃ ಅದು ಬಾಕಿಯೇ.
ದಿನಾಂಕ ಬರೆದು ಕೈ ಒದರಿ ಬಂದೆ.
ಸಂಜೆ ತಸ್ಮಿಯಾ ಡಸ್ಟರ್ ಹಿಡಿದು ಹೋದಳು,
ತುದಿಗಾಲಲ್ಲಿ ನಿಂತಳು, ಹೆಗಲು ಕಿವಿಗೆ ತಾಗುವ ಹಾಗೆ
ಇಡೀ ತೋಳು ಚಾಚಿದಳು, ನೋವೇ ಇಲ್ಲದ ತೋಳು.
‘ಬೇಕಂತಲೇ ಮೇಲೆ ಬರೆದಿದ್ದೀರಾ ಮಿಸ್!’
ಎಗರಿದಳು.
ಅಂಕಿಗಳ ಕಾಲಷ್ಟೇ ಅಳಿಸಿತು.