ಏಳನೇ ಬೆಂಚು

ಹನ್ನೊಂದು ಜನ ನಾವು.
ಇನ್ನೂರೈವತ್ತು ಮಂದಿಗೆಂದು ಕಟ್ಟಿದ ಚಾಪೆಲ್ಲಿನಲ್ಲಿ
ಒಬ್ಬರ ಕೆಮ್ಮು ಇನ್ನೊಬ್ಬರನ್ನು ಮುಟ್ಟುವಷ್ಟರಲ್ಲಿ
ಹಾಡಿನ ಒಂದು ಚರಣ ಮುಗಿದಿರುತ್ತಿತ್ತು.

ಗ್ರಿಮ್ಸ್‌ಬಿಯ ಬಂದರಿನಲ್ಲಿ ದೋಣಿ ಕಡಿಮೆಯಾದ ಹಾಗೆ
ಭಾನುವಾರದ ಟೋಪಿಗಳೂ ಕಡಿಮೆಯಾದವಂತೆ.
ಗೋಡೆಯ ಹಿತ್ತಾಳೆ ಫಲಕದ ಮೇಲೆ
ಕಡಲು ನುಂಗಿದವರ ಹೆಸರು;
ಕಡಲು ಬಿಟ್ಟವರ ಹೆಸರು ಯಾವ ಫಲಕದಲ್ಲೂ ಇಲ್ಲ.

ನಾನು ಬೆಟಗೇರಿಯ ಜೀವರತ್ನ,
ಇಲ್ಲಿಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿ.
ಇವರ ನಾಲಗೆಗೆ ಬರೀ ಜೀವಾ.
ಇರಲಿ, ಅರ್ಧ ಹೆಸರಿಗೂ ಅರ್ಥವಿದೆ.

ಫೆಬ್ರವರಿಯಲ್ಲಿ ಮೇಲಿನವರಿಂದ ಕಾಗದ ಬಂತು:
ಛಾವಣಿಗೆ ನಲವತ್ತು ಸಾವಿರ ಪೌಂಡು, ಇಲ್ಲವೇ ಬೀಗ.
ಬಕೆಟ್ಟಿಗೆ ನೀರು ಟಪ್ ಟಪ್ ಬೀಳುತ್ತಿರಲು
ಬಿಸ್ಕತ್ತು ಹಂಚಿಕೊಂಡು ಕೂತೆವು.
ಗಿಟಾರು ತರಿಸೋಣ ಅಂದರು ಸಿರಿಲ್ ಔಥ್‌ವೇಟ್.
ಎಂಬತ್ತೊಂದರಲ್ಲಿ ಅವರೇ ನಮ್ಮ ಯುವಕ ಸಂಘ.
ಚೀಟಿ ಹಂಚೋಣ, ದೊಡ್ಡ ಪರದೆ ಹಾಕಿಸೋಣ,
ಕಾಫಿಯಾದರೂ ಕುಡಿಯುವ ಹಾಗೆ ಮಾಡೋಣ,
ಜನ ಬರಬೇಕು, ಜನ ಬರಬೇಕು,
ವ್ಯಾಪಾರವಿಲ್ಲದ ಅಂಗಡಿಯವ
ಬಾಗಿಲಿಗೆ ಬಂದು ಬೀದಿ ನೋಡುವ ಹಾಗೆ.

ಆಗ ಮ್ಯೂರಿಯಲ್ ಥ್ರೆಲ್‌ಫಾಲ್,
ವರ್ಷಕ್ಕೆ ನಾಲ್ಕೇ ಮಾತಿನವರು:
"ಬೆಳಗಿನ ಜಾವ ನಮ್ಮ ಬಾಗಿಲ ಮುಂದೆ ನಿಲ್ಲುವವರು ಯಾರು?
ನಿದ್ದೆ ಬಾರದ ದಿನ ಕಿಟಕಿಯಿಂದ ನೋಡಿದ್ದೇನೆ."

ಯಾರಿಗೂ ಗೊತ್ತಿಲ್ಲ.
ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬಳು.
ಮೀನಿನ ಕಾರ್ಖಾನೆಗೆ ಹೋಗುವವರು ನಾವು, ಕಸ ಗುಡಿಸುವವರು,
ಲಿಥುವೇನಿಯಾದವರು, ಇದೇ ಓಣಿಯವರು,
ಮೊದಲ ಬಸ್ಸಿಗೆ ಕಾಯುತ್ತಾ
ಕಡಲಗಾಳಿಗೆ ಹೆದರಿ ಬೆನ್ನು ಒತ್ತುವುದು
ಈ ಮುಚ್ಚಿದ ಬಾಗಿಲಿಗೇ.
ಮೂರು ವರ್ಷ ನಿಮ್ಮ ಪಕ್ಕದಲ್ಲೇ ಹಾಡಿದೆ.
ನಾನು ಹೇಳಲಿಲ್ಲ, ನೀವು ಕೇಳಲಿಲ್ಲ.

ಬಕೆಟ್ಟು ಎರಡು ಸಲ ಟಪ್ ಅಂದಿತು.

ಒಂದೇ ದಿನಕ್ಕೆ ಆಗಲಿಲ್ಲ ಏನೂ.
ವಿಮೆ, ಕೀಲಿಕೈ, ಹಾಲಿನ ಲೆಕ್ಕ,
ಇದು ದೇವರ ಮನೆಯೋ ಹೋಟೆಲ್ಲೋ ಎಂಬ ಜಗಳ,
ಬೆಂಚು ಕೀಳುವುದೋ ಬೇಡವೋ ಎಂದೇ ಎರಡು ಭಾನುವಾರ.
ಒಳಗೆ ಹೀಟರಿಗೆ ಜಾಗ ಬೇಕು, ಹೊರಗೆ ಕೂರಲು ಆಸನ ಬೇಕು,
ಪ್ರತಿ ಬೆಂಚಿಗೂ ಒಬ್ಬೊಬ್ಬ ಅಜ್ಜನ ನೆನಪು ಮೊಳೆ ಹೊಡೆದಿದೆ.
"ನನ್ನದು ಒಯ್ಯಿರಿ" ಅಂದರು ಮ್ಯೂರಿಯಲ್.
ಏಳನೇ ಬೆಂಚು. ಅದರ ತೋಳಿನ ಮೇಲೆ
ಪ್ರಸಂಗ ಬೇಸರವಾಗಿ ಅವರ ಗಂಡ ಚಾಕುವಿನಲ್ಲಿ ಕೆತ್ತಿದ
ಪುಟ್ಟ ಮೀನು. ಬಾಲವಿಲ್ಲ.
ಅಂದು ಪ್ರಸಂಗ ಬೇಗ ಮುಗಿದಿರಬೇಕು.

ತುಕ್ಕಿಗೆ ಮೀನೆಣ್ಣೆ ಹಚ್ಚಿ ಸ್ಕ್ರೂ ಬಿಚ್ಚಿದವನು
ಬಸ್ಸು ಕಾಯುವ ಜಿಡ್ರೂನಾಸ್.
ಆರು ಜನ ಹೊತ್ತೆವು.
ಶವದ ಪೆಟ್ಟಿಗೆ ಹೊತ್ತ ಹಾಗಿದೆ, ಗೊಣಗಿದರು ಸಿರಿಲ್.
ಅಲ್ಲ, ಹೊಸ ಸಂಸಾರಕ್ಕೆ ಮಂಚ ಹೊತ್ತ ಹಾಗೆ, ಅಂದೆ.
ಅರ್ಥವಾಯಿತೋ ಇಲ್ಲವೋ,
ಅವರ ಹಿಡಿತ ಬಿಗಿಯಾಯಿತು.

ಈಗ ನಾಲ್ಕೂವರೆಗೇ ದೀಪ.
ಚಹಾ ನಮ್ಮ ಕಡೆಯದು, ಶುಂಠಿ ಜಜ್ಜಿ ಕುದಿಸಿದ್ದು;
ಸಿರಿಲ್ ಮುಖ ಸಿಂಡರಿಸಿ ಎರಡು ಕಪ್ ಕುಡಿಯುತ್ತಾರೆ.
ಒಬ್ಬಳು ಮಗನ ಶಾಲೆಯ ಕಾಗದ ಓದಿಸಿಕೊಳ್ಳುತ್ತಾಳೆ.
ಇನ್ನೊಬ್ಬ ಏನೂ ಕೇಳುವುದಿಲ್ಲ,
ಹೀಟರಿಗೆ ಕಾಲು ಚಾಚಿ ಹತ್ತು ನಿಮಿಷ ನಿದ್ದೆ ಹೊಡೆಯುತ್ತಾನೆ.
ಅವನನ್ನು ಎಬ್ಬಿಸುವುದು ನಮ್ಮ ಸಭಾಪಾಲಕಿಯ ಕೆಲಸ;
ಪ್ರಸಂಗದಿಂದ ಈವರೆಗೆ ಯಾರನ್ನೂ ಎಬ್ಬಿಸಿದವರಲ್ಲ ಪಾಪ.

ಭಾನುವಾರ ಎಷ್ಟು ಜನ? ಮೇಲಿನವರ ಪ್ರಶ್ನೆ ತಪ್ಪಿಲ್ಲ.
ಹದಿಮೂರು.
ಮ್ಯೂರಿಯಲ್ ಹೋದ ಮೇಲೆ ಹನ್ನೆರಡು.

ಅವರನ್ನು ಕಳಿಸಿಕೊಟ್ಟ ದಿನ
ಪಾಳಿಯ ನಡುವೆ, ಬಿಳಿ ರಬ್ಬರ್ ಬೂಟುಗಳಲ್ಲೇ ಬಂದರು ಅವರೆಲ್ಲ.
ಹಾಡು ಬಾರದು. ಕೂರಲು ಬೇಕಾದಷ್ಟು ಜಾಗ.
ಆದರೂ ಹೋಗಿ ನಿಂತದ್ದು
ಏಳನೇ ಬೆಂಚು ಇಲ್ಲದ ಕಡೆ, ಸಾಲಾಗಿ.

ಛಾವಣಿ ಇನ್ನೂ ಸೋರುತ್ತದೆ.
ನಿನ್ನೆ ನೋಡಿದರೆ ಹೊರಗಿನ ಬೆಂಚಿನ ಮೀನಿಗೆ
ಯಾರೋ ಬಾಲ ಕೆತ್ತಿದ್ದಾರೆ, ಸ್ವಲ್ಪ ಸೊಟ್ಟ.
ಸಿರಿಲ್ ಬೈಯುತ್ತ ಕನ್ನಡಕ ಏರಿಸಿ ಬಗ್ಗಿದರು,
ಬೆರಳಾಡಿಸಿದರು.
ಅಷ್ಟರಲ್ಲಿ ಬಸ್ಸು ಬಂತು.