ಸುಗಂಧಿಗೆ, ಅವಳ ಸರದಿಗೆ ಮೊದಲು

ಡಾಕ್ಟರು ಹೇಳದ್ದನ್ನಷ್ಟೇ ಹೇಳುತ್ತೇನೆ, ಕೇಳು.
ಉಳಿದದ್ದು ಆ ಗುಲಾಬಿ ಕಾಗದದಲ್ಲಿದೆ,
ಮರಾಠಿಯಲ್ಲಿ, ದಪ್ಪಕ್ಷರದಲ್ಲಿ.

ಮೂರು ದಿನ ಮೊದಲೇ ಸೊಪ್ಪು ಬಿಡು, ಕಾಳು ಬಿಡು,
ಟೊಮೆಟೊ ಬೀಜ ಕೂಡ.
ಹಿಂದಿನ ದಿನ ಬರೀ ನೀರಿನಂಥದ್ದು:
ಎಳನೀರು, ಹಾಲಿಲ್ಲದ ಚಹಾ, ಸೋಸಿದ ಲಿಂಬೆ ಶರಬತ್ತು.
ಕೋಕಂ ಬೇಡವೇ ಬೇಡ.
ಒಳಗೆ ಹೋದ ಕೆಂಪೆಲ್ಲ
ಕ್ಯಾಮೆರಾದ ಕಣ್ಣಿಗೆ ರಕ್ತದ ಹಾಗೇ ಕಾಣುತ್ತದಂತೆ.
ಮೇ ತಿಂಗಳು. ಕೊಳಗ ತುಂಬ ಕೋಕಂ ಮಾಡಿಟ್ಟವಳು ನಾನೇ.
ಇಡೀ ಗ್ಯಾಲರಿಯ ಮಕ್ಕಳು ಕುಡಿದು ಹೋದವು.

ಸಂಜೆ ಆರಕ್ಕೆ ಪುಡಿ. ಎರಡು ಲೀಟರು ನೀರಿಗೆ ಒಂದು ಪೊಟ್ಟಣ.
ಲಿಂಬೆಯ ರುಚಿ ಎಂದು ಬರೆದಿದ್ದಾರೆ;
ಸಮುದ್ರದ ನೀರಲ್ಲಿ ಯಾರೋ
ಲಿಂಬೆ ತೊಳೆದು ಹೋದ ಹಾಗೆ, ಅಷ್ಟೇ.
ಹದಿನೈದು ನಿಮಿಷಕ್ಕೊಂದು ಲೋಟ. ಮೂಗು ಮುಚ್ಚಿ ಕುಡಿ.
ಐದನೆಯ ಲೋಟದ ಹೊತ್ತಿಗೆ ಸಿಟ್ಟು ಬರುತ್ತದೆ,
ದಾಮಣ್ಣನ ಮೇಲೆ.
ರಕ್ತ ಬೀಳುವುದನ್ನು ಒಂದೂವರೆ ವರ್ಷ ಯಾರಿಗೂ ಹೇಳದೆ,
ಮೂಲವ್ಯಾಧಿ ಅಂತ ತಾನೇ ತೀರ್ಮಾನಿಸಿ
ಪರೇಲ್ ನಾಕೆಯ ಯಾವನೋ ಕೊಟ್ಟ ಲೇಹ ನೆಕ್ಕಿದವನ ಮೇಲೆ.
ಬರಲಿ ಸಿಟ್ಟು. ಕುಡಿಯುತ್ತಿರು.

ಈಗ ಮುಖ್ಯ ವಿಷಯ.
ನಮ್ಮ ಚಾಳಿನ ಮೂರನೇ ಮಾಳಿಗೆ ನಿನಗೆ ಗೊತ್ತು:
ಹದಿನೆಂಟು ಖೋಲಿ, ನಾಲ್ಕು ಕಕ್ಕಸು,
ಅದರಲ್ಲಿ ಒಂದಕ್ಕೆ ಅಗುಳಿಯಿಲ್ಲ.
ನನ್ನ ಬಾಗಿಲಿಂದ ನಲವತ್ತೊಂದು ಹೆಜ್ಜೆ.
ಮಧ್ಯಾಹ್ನವೇ ಎಣಿಸಿ ನೋಡಿದ್ದೆ,
ಬಕೆಟ್ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ.
'ಶೌಚಾಲಯದ ಸಮೀಪ ಇರಿ' ಅನ್ನುತ್ತದೆ ಕಾಗದ.
ಬರೆದವರು ಎಲ್ಲಿರುತ್ತಾರೋ.

ಆಗ ಬಂದಳು ಪೆಡ್ಣೇಕರ್ ಬಾಯಿ.
ಹೌದು, ಅವಳೇ. ನಳದ ಸರದಿಯ ಜಗಳದಿಂದ
ಹನ್ನೊಂದು ವರ್ಷ ಮಾತಿಲ್ಲ,
ಗಣಪತಿಯ ಮೋದಕವನ್ನೂ ಮಗನ ಕೈಲಿ ಕಳಿಸುವವಳು.
ಅವಳು ಖೋಲಿಯೊಳಗೇ ಕಕ್ಕಸು ಕಟ್ಟಿಸಿಕೊಂಡಾಗ
'ಒಲೆಯ ಪಕ್ಕದಲ್ಲೇ, ಛೀ' ಅಂದವಳು ನಾನು,
ಅವಳಿಗೆ ಕೇಳುವ ಹಾಗೆ.
ಹೊಸಿಲಾಚೆ ನಿಂತು ಕೀಲಿಕೈ ಚಾಚಿದಳು.
'ನಾನು ಅಕ್ಕನ ಮನೆಗೆ ಹೋಗ್ತೇನೆ, ಬರುವುದು ನಾಳೆ.
ಫ್ಲಶ್ ಎರಡು ಸಲ ಎಳೀಬೇಕು.'
ಥ್ಯಾಂಕ್ಸ್ ಅನ್ನಲು ಬಾಯಿ ತೆರೆದೆ.
ಹೊಟ್ಟೆ ಮೊದಲು ಮಾತಾಡಿತು.

ನಾಚಿಕೆಗೂ ಕೊನೆಯಿದೆ, ಸುಗಂಧಿ,
ಸುಮಾರು ಏಳನೆಯ ಸಲಕ್ಕೆ.
ಆಮೇಲೆ ಬರೀ ತಿಳಿ ಹಳದಿ ನೀರು.
ಹೊಸ ಸೋಪು ಬಿಚ್ಚಿಟ್ಟಿದ್ದಳು, ಮಡಿಸಿದ ಟವೆಲ್ಲು.
ಗೋಡೆಯಿಂದ ಅವಳ ತೀರಿಹೋದ ಗಂಡ
ಹಾರದೊಳಗಿಂದ ನೋಡುತ್ತಲೇ ಇದ್ದ,
ಬೆಳಗಿನ ನಾಲ್ಕರವರೆಗೆ.

ಆಸ್ಪತ್ರೆಯದು ಹೆಚ್ಚೇನಿಲ್ಲ.
ಹಿಂದೆ ಲಾಡಿ ಕಟ್ಟುವ ಗೌನು. ಬಳೆ ಮನೆಯಲ್ಲೇ ತೆಗೆದಿಡು.
ಎಡಮಗ್ಗುಲಾಗಿ, ಮೊಣಕಾಲು ಮಡಚಿ,
ಸಣ್ಣವನಿದ್ದಾಗ ದಾಮಣ್ಣ ನಮ್ಮಿಬ್ಬರ ನಡುವೆ ಮಲಗುತ್ತಿದ್ದನಲ್ಲ,
ಹಾಗೆ.
ಕೈಗೆ ಸೂಜಿ. ಊರು ಯಾವುದು ಅಂದಳು ಸಿಸ್ಟರ್.
ಮಲ್ಪೆಯ ಮ ಅನ್ನುವಷ್ಟರಲ್ಲಿ
'ಏಳಿ ಮಾವಶಿ, ಮುಗಿಯಿತು.'
ನಡುವಿನ ಅರ್ಧ ಗಂಟೆ ನನ್ನದಲ್ಲ.

ಮತ್ತೆ, ಗಾಳಿ ಬಿಡಬೇಕು. ಬಿಡದೆ ಮನೆಗೆ ಕಳಿಸುವುದಿಲ್ಲ.
ಪರದೆಯ ಆಚೆ ಈಚೆ ಆರು ಮಂದಿ, ಗಂಡಸರೂ,
ಒಬ್ಬರಾದ ಮೇಲೊಬ್ಬರು.
ಯಾರೂ ನಗಲಿಲ್ಲ. ಸಿಸ್ಟರ್ ಮಾತ್ರ
ಪ್ರತಿಯೊಬ್ಬರಿಗೂ 'ಶಾಬಾಸ್' ಅಂದಳು.

ಒಂದು ಗಂಟು ಸಿಕ್ಕಿತು. ಹೆಸರುಕಾಳಿನಷ್ಟು. ತೆಗೆದರು.
ವರದಿ ಗುರುವಾರ.
ದಾಮಣ್ಣನದೂ ಒಂದು ಕಾಲಕ್ಕೆ ಇಷ್ಟೇ ಇದ್ದಿರಬೇಕು.

ಕೀಲಿಕೈ ಕೊಡಲು ಹೋದರೆ
ಒಳಗೆ ಕರೆದು ಮೆತ್ತನ್ನ, ಮೊಸರು ಬಡಿಸಿದಳು.
ನಳದ ಮಾತು ಅವಳೂ ಎತ್ತಲಿಲ್ಲ, ನಾನೂ.
'ತಂಗಿಯದು ಯಾವಾಗ?'
ಹದಿನೇಳಕ್ಕೆ ಅಂದೆ.
ಕೀಲಿಕೈಯನ್ನು ನನ್ನ ತಟ್ಟೆಯ ಕಡೆಗೆ ಸರಿಸಿದಳು.

ಹದಿನಾರರ ಮಧ್ಯಾಹ್ನವೇ ಬಾ.
ನಿನ್ನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಆ ಪುಡಿ ಕುಡಿಯಬೇಡ.
ಒಂದು ಹಳೆ ಸೀರೆ ತಾ.
ಫ್ಲಶ್ ಎರಡು ಸಲ ಎಳೆಯಬೇಕು, ನೆನಪಿರಲಿ.