ಏಳನೇ ಮಾದರಿ

ಕಸಬಾ ಪೇಟೆಯ ವಾಡೆ ಕೆಡವಿದ ಮರುದಿನ
ಟೆಂಪೋದಲ್ಲಿ ಬಂತು ನಮ್ಮ ಭೋಸರಿ ಶೆಡ್ಡಿಗೆ
ಪಡಸಾಲೆಯ ಶಹಾಬಾದಿ ಪರಸಿ, ಚೂರುಚೂರು.
ಒಂದು ಚೂರಿನ ಮೇಲಿನ್ನೂ ರಂಗೋಲಿಯ ಕೆಂಪು.

ನಾನು ಗೆರೆ ಎಳೆಯುವವಳು: ಊಟದ ಮೇಜು,
ಆರು ಅಡಿ, ಅಂಚು ತೆಳು.
ಸಾಯಬಣ್ಣ ಜರಡಿ ಹಿಡಿಯುವವನು.
ಹಿಡಿಯುತ್ತ ನಿಂತ:
"ನಮ್ಮ ಕಡೀದ್ರೀ ಇದು.
ನನಗಿಂತ ಮೊದಲ ದುಡೀಲಾಕ ಬಂದದ."

ಹಾರುಬೂದಿ, ಸುಣ್ಣ, ಒಡೆದ ಬಾಟಲಿಯ ಹಸಿರು
ಅಚ್ಚಿಗೆ ಸುರಿದು, ಗೋಣಿ ಹೊದಿಸಿ,
ಇಪ್ಪತ್ತೆಂಟು ದಿನ ನೀರು ಕುಡಿಸಿದೆವು,
ಬಾಣಂತಿಯ ಹಾಗೆ, ಗಾಳಿ ಸೋಕದಂತೆ.
ಉಜ್ಜಿದರೆ ಪಾರಿವಾಳದ ಕತ್ತು.

ರಾತ್ರಿ ಅದರ ಮೇಲಿಟ್ಟೆ
ನಿಂಬೆಯ ಹೋಳು, ಚಹಾದ ಹನಿ, ಚಿಟಿಕೆ ಅರಿಶಿನ.
ಆರು ಮಾದರಿ ತಿಂದಿದ್ದ ನಿಂಬೆ
ಹೊಸ ಮೇಣಕ್ಕೆ ಸೋತಿತು. ಚಹಾ ಒರೆಸಿದರೆ ಹೋಯಿತು.
ಅರಿಶಿನ ಮಾತ್ರ ಕೂತೇಬಿಟ್ಟಿತು.

ಬಾಣೇರಿನ ಕೇತಕರ ಬಾಯಿ
ಬೆರಳ ಗೆಣ್ಣಿನಿಂದ ಕುಟ್ಟಿ ಕೇಳಿದರು,
ಇದು ಖರೇ ಕಲ್ಲೇನು?
ನನ್ನ ಬಳಿ ಉತ್ತರವಿತ್ತು, ಮೂರು ಪುಟದ್ದು.
ಸಾಯಬಣ್ಣನೇ ಅಂದ, ಪೂರಾ ನಮ್ಮ ಭಾಷೆಯಲ್ಲಿ:
"ಅಲ್ರೀ. ಕಲ್ಲಾಗ್ಲಾಕತ್ತದ."
ಅವರಿಗೆ ತಿಳಿಯಲಿಲ್ಲ.
ನಾನು ಬಿಡಿಸಿ ಹೇಳಲೂ ಇಲ್ಲ.

ಎಂಟನೆಯದು, ಕಲೆ ಇಲ್ಲದ್ದು, ಅವರ ಮನೆಗೆ ಹೋಯಿತು.
ಏಳನೆಯದು ಸಾಯಬಣ್ಣನ ತಗಡಿನ ಕೋಣೆಗೆ.
ಭೀಮಬಾಯಿ ಅದರ ಮೇಲೆ ರೊಟ್ಟಿ ಬಡಿಯುತ್ತಾಳೆ,
ಜೋಳದ ಹಿಟ್ಟು ಅರಿಶಿನವನ್ನು ದಿನಾ ಮುಚ್ಚುತ್ತದೆ,
ದಿನಾ ಬಿಟ್ಟುಕೊಡುತ್ತದೆ.

ಹೋದ ವಾರ ಟೇಪು ಹಿಡಿದು ಹೋಗಿದ್ದೆ:
ಎಷ್ಟು ಎತ್ತರದ ಮೇಜಾದರೆ
ನಿನ್ನ ಸೊಂಟಕ್ಕೆ ಸುಖ?
ಅವಳು ತಿರುಗಿಯೂ ನೋಡದೆ
ಬಿಸಿ ರೊಟ್ಟಿಯೊಂದನ್ನು ನನ್ನ ಕಡೆ ಸರಿಸಿ,
"ಮೇಜ್ಯಾಕ?" ಅಂದಳು.
"ಕುಂದ್ರು."